ಏರ್‌ಸಾಫ್ಟ್ ಗನ್ನಿಗೆ ರೆಪ್ಲಿಕಾ ಲೈಟ್: ಸೆಲ್ ಆರಿಸುವುದರಿಂದ ರಾತ್ರಿ ಆಟದವರೆಗೆ

ಬಂದೂಕಿಗೆ ಕೂರಿಸುವ ಶೂರ್‌ಫೈರ್ ಕಂಪನಿಯ ಎಂ300, ಎಂ600, ಎಕ್ಸ್300 ಲೈಟುಗಳ ರೆಪ್ಲಿಕಾಗಳು, ಅಂದರೆ ನಕಲುಗಳು, ಹೊರನೋಟಕ್ಕೆ ಅಸಲಿಯಂತೆಯೇ ಇರುತ್ತವೆ. ಕಸರು ಇರುವುದು ಒಳಗೆ. ಸ್ಪ್ರಿಂಗ್ ಮೆತ್ತಗೆ, ಎಲ್‌ಇಡಿಗೆ ಕರೆಂಟ್ ಹದ ಮಾಡಿ ಕೊಡುವ ಬೋರ್ಡು ತೀರಾ ಸಾದಾ, ಮುಂದಿನ ಗಾಜು ತೆಳು, ಗನ್ನಿಗೆ ಹಿಡಿಸುವ ಮೌಂಟ್ ಎಷ್ಟೋ ಸಲ ಅಲ್ಯೂಮಿನಿಯಂ ಅಲ್ಲ, ಸತುವಿನ ಎರಕ. ಏರ್‌ಸಾಫ್ಟಿನಲ್ಲಿ, ಅಂದರೆ ಪ್ಲಾಸ್ಟಿಕ್ ಗುಂಡು ಹಾರಿಸುವ ನಕಲಿ ಬಂದೂಕಿನ ಆಟದಲ್ಲಿ, ನಿಜವಾದ ಬಂದೂಕಿನ ಒದೆತ ಇಲ್ಲದ ಕಾರಣ ಇಷ್ಟು ನಡೆಯುತ್ತದೆ. ಆದರೂ ಲೈಟು ಕೈಕೊಟ್ಟಾಗ ಕಾರಣ ಹೆಚ್ಚಾಗಿ ತಪ್ಪು ಸೆಲ್, ಇಲ್ಲವೇ ಸಡಿಲ ಸಂಪರ್ಕ, ಇಲ್ಲವೇ ಒಡೆದ ಗಾಜು. ಹಾಗಾಗಿ ಲೈಟಿಗೆಂದು ಇಟ್ಟ ದುಡ್ಡಿನಲ್ಲಿ ಮೂರನೇ ಒಂದು ಪಾಲನ್ನು ಒಳ್ಳೆಯ ಸೆಲ್, ಚಾರ್ಜರ್ ಮತ್ತು ಗಾಜು ಕಾಯುವ ಲೆನ್ಸ್ ಗಾರ್ಡಿಗೆ ಮೊದಲೇ ತೆಗೆದಿಡಿ.

ಎಷ್ಟು ಬೆಳಕು ಬೇಕು

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ಲ್ಯುಮೆನ್, ಅಂದರೆ ಒಟ್ಟು ಬೆಳಕು. ಬೆಳಕು ಎಷ್ಟು ದೂರ ಹೋಗುತ್ತದೆ ಎಂದು ಹೇಳುವುದು ಕ್ಯಾಂಡೆಲಾ. ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಟಾರ್ಚಿನ ದೂರ ಮೀಟರಿನಲ್ಲಿ ಸಿಗುತ್ತದೆ. 10,000 ಕ್ಯಾಂಡೆಲಾ ಇದ್ದರೆ 200 ಮೀಟರ್. ಆ ದೂರದ ತುದಿಯಲ್ಲಿ ಬೀಳುವುದು ಹುಣ್ಣಿಮೆಯ ಬೆಳದಿಂಗಳಷ್ಟೇ ಬೆಳಕು, ಆದ್ದರಿಂದ ಮುಖ ಗುರುತು ಹತ್ತುವ ದೂರ ಅದಕ್ಕಿಂತ ಬಹಳ ಕಡಿಮೆ. ಬಿಬಿ (ಏರ್‌ಸಾಫ್ಟ್ ಗನ್ನಿನ ಪ್ಲಾಸ್ಟಿಕ್ ಗುಂಡು) ಸರಿಯಾಗಿ ಗುರಿ ಮುಟ್ಟುವುದು 40-50 ಮೀಟರ್ ಒಳಗೆ. ಅದಕ್ಕೆ 5,000ದಿಂದ 10,000 ಕ್ಯಾಂಡೆಲಾ ಧಾರಾಳ ಆಯಿತು.

ಹಳೆಯ ಗೋದಾಮು, ಸುಣ್ಣ ಬಳಿದ ಗೋಡೆಗಳ ನಡುವೆ ಆಡುವವರಿಗೆ 200-300 ಲ್ಯುಮೆನ್ ಸಾಕು. ಅದಕ್ಕಿಂತ ಹೆಚ್ಚಾದರೆ ಬಿಳಿ ಗೋಡೆಯಿಂದ ತಿರುಗಿ ಬಂದ ಬೆಳಕು ನಿಮ್ಮ ಕಣ್ಣನ್ನೇ ಕುಕ್ಕುತ್ತದೆ. ಒಂದೇ ಸಣ್ಣ ಸೆಲ್ ಹಿಡಿಸುವ ಲೈಟಿನ ಮೇಲೆ 1,000 ಲ್ಯುಮೆನ್ ಎಂದು ಬರೆದಿದ್ದರೆ ಅದನ್ನು ನಂಬಬೇಡಿ. ಒಂದೆರಡು ನಿಮಿಷ ಕೊಟ್ಟರೂ ಕಾವು ತಡೆಯದೆ ಮಂಕಾಗುತ್ತದೆ.

ಸೆಲ್: ಇಲ್ಲಿ ತಪ್ಪಿದರೆ ಲೈಟ್ ಸುಡುತ್ತದೆ

ಎಂ300 ಮಾದರಿಗೆ ಒಂದು ಸಿಆರ್123ಎ ಸೆಲ್, ಎಂ600 ಮತ್ತು ಎಕ್ಸ್300 ಮಾದರಿಗೆ ಎರಡು. ಸಿಆರ್123ಎ 3 ವೋಲ್ಟಿನದು, ಒಮ್ಮೆ ಬಳಸಿ ಬಿಸಾಡುವಂಥದ್ದು. ಅದೇ ಅಳತೆಯ ರೀಚಾರ್ಜ್ ಸೆಲ್ 16340. ಅದು ತುಂಬಿದಾಗ 4.2 ವೋಲ್ಟ್. ಎಡವಟ್ಟು ಆಗುವುದು ಇಲ್ಲೇ: 6 ವೋಲ್ಟಿಗೆಂದು ಮಾಡಿದ ಲೈಟಿಗೆ ಎರಡು 16340 ಹಾಕಿದರೆ 8.4 ವೋಲ್ಟ್ ಹೋಗುತ್ತದೆ. ಅಗ್ಗದ ಬೋರ್ಡು ಒಂದು ಸಲ ಝಗ್ಗನೆ ಉರಿದು ಅಲ್ಲಿಗೇ ಸತ್ತರೂ ಸತ್ತೀತು. ಲೈಟಿನ ಮೈಮೇಲೆ ಅಥವಾ ಕೈಪಿಡಿಯಲ್ಲಿ ಕೊಟ್ಟ ವೋಲ್ಟ್ ಮಿತಿ ನೋಡದೆ ಸೆಲ್ ಬದಲಿಸಬೇಡಿ.

ಎರಡು ಸಿಆರ್123ಎ ಜಾಗಕ್ಕೆ ಒಂದು 18650 (ಇದೂ ರೀಚಾರ್ಜ್ ಸೆಲ್ಲೇ, 16340ಗಿಂತ ಉದ್ದ) ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಉದ್ದ ಹೆಚ್ಚುಕಡಿಮೆ ಹೊಂದುತ್ತದೆ: ಎರಡು ಸಿಆರ್123ಎ ಸೇರಿ 69 ಮಿ.ಮೀ., 18650 ಸುಮಾರು 65, ರಕ್ಷಣಾ ಸರ್ಕ್ಯೂಟ್ ಇದ್ದರೆ 68-70 ಮಿ.ಮೀ. ಹೊಂದದಿರುವುದು ದಪ್ಪ. ಸಿಆರ್123ಎ 17 ಮಿ.ಮೀ., 18650ಗೆ 18 ಮಿ.ಮೀ.ಗಿಂತ ತುಸು ಹೆಚ್ಚೇ ಬೇಕು. ಸುತ್ತಿಗೆಯಿಂದ ತಟ್ಟಿ ಕೂರಿಸಿದರೆ ಹೊದಿಕೆ ಹರಿದು ಶಾರ್ಟ್ ಆಗುತ್ತದೆ. ದಪ್ಪ ಕೊಳವೆ ಇರುವ, ಎರಡೂ ಬಗೆಯ ಸೆಲ್ ಒಪ್ಪುವ ಮಾದರಿಯನ್ನೇ ಕೊಳ್ಳಿ. ಹುಬ್ಬಳ್ಳಿಯಲ್ಲಿ ಸಿಆರ್123ಎ ಬೇಕಾದರೆ ಮೊಬೈಲ್ ಅಂಗಡಿಗಿಂತ ಕ್ಯಾಮೆರಾ ಅಂಗಡಿಯಲ್ಲಿ ಕೇಳುವುದು ಲೇಸು. 18650 ಸಿಗುವುದು ಸುಲಭ, ಅದರಲ್ಲಿ ನಕಲಿಯೂ ಅಷ್ಟೇ ಸುಲಭ.

ನಕಲಿ ಹಿಡಿಯಲು ಚಿಕ್ಕ ತಕ್ಕಡಿ ಇದ್ದರೆ ಸಾಕು. ಅಸಲಿ 18650 ತೂಕ 45ರಿಂದ 50 ಗ್ರಾಂ. 30 ಗ್ರಾಂ ಆಸುಪಾಸು ತೂಗಿದರೆ ಒಳಗೆ ಮಾಲಿಲ್ಲ. ಈ ಅಳತೆಯ ಸೆಲ್ಲಿನ ಸಾಮರ್ಥ್ಯ 3,500 ಎಂಎಎಚ್‌ಗಿಂತ ಬಹಳ ಮೇಲೆ ಹೋಗುವುದು ಅಪರೂಪ, ಆದ್ದರಿಂದ 9,900 ಎಂದು ಅಚ್ಚು ಹಾಕಿದ್ದನ್ನು ತೂಗುವ ಅಗತ್ಯವೂ ಇಲ್ಲ.

ಸಿಆರ್123ಎ ಜೋಡಿ ಹಾಕುವಾಗ ಒಂದು ಹೊಸದು ಒಂದು ಹಳೆಯದು ಮಾಡಬೇಡಿ. ದುರ್ಬಲ ಸೆಲ್ ಮೊದಲು ಖಾಲಿಯಾಗಿ, ಬಲವಾದದ್ದು ಅದರೊಳಗೆ ಕರೆಂಟನ್ನು ಉಲ್ಟಾ ತಳ್ಳುತ್ತದೆ. ಮುಚ್ಚಿದ ಲೋಹದ ಕೊಳವೆಯಲ್ಲಿ ಅದು ಕಾದು ಸಿಡಿಯಬಹುದು. ಮಲ್ಟಿಮೀಟರಿನಲ್ಲಿ ನೋಡಿ, ಎರಡರ ನಡುವೆ 0.1 ವೋಲ್ಟಿಗಿಂತ ಹೆಚ್ಚು ಅಂತರ ಇದ್ದರೆ ಜೋಡಿ ಮಾಡಬೇಡಿ. ಸಿಆರ್ ಎಂದು ಬರೆದ ಸೆಲ್ಲನ್ನು ಚಾರ್ಜರಿಗೆ ಹಾಕಲೇಬಾರದು.

ರೇಲಿಗೆ ಕೂರಿಸುವುದು

ರೇಲ್ ಅಂದರೆ ಗನ್ನಿನ ಮೇಲೆ ಲೈಟು ಹಿಡಿಸುವ ಕಚ್ಚುಗಳ ಪಟ್ಟಿ; ಪಿಕಾಟಿನಿ, ವೀವರ್ ಅದರ ಎರಡು ಬಗೆ. ಪಿಕಾಟಿನಿ ರೇಲಿನ ಕಚ್ಚು 5.23 ಮಿ.ಮೀ. ಅಗಲ, ಒಂದು ಕಚ್ಚಿನ ನಡುವಿನಿಂದ ಮುಂದಿನದಕ್ಕೆ 10.01 ಮಿ.ಮೀ. ವೀವರ್ ರೇಲಿನ ಕಚ್ಚು 4.57 ಮಿ.ಮೀ. ಹಾಗಾಗಿ ವೀವರ್ ಮೌಂಟ್ ಪಿಕಾಟಿನಿ ಮೇಲೆ ಕೂತರೂ ಹಿಂದೆಮುಂದೆ ಆಡುತ್ತದೆ, ಪಿಕಾಟಿನಿ ಮೌಂಟ್ ವೀವರ್ ಮೇಲೆ ಕೂರುವುದೇ ಇಲ್ಲ. ರೆಪ್ಲಿಕಾ ರೇಲುಗಳಲ್ಲಿ ಕೂದಲೆಳೆಯ ಹೆಚ್ಚುಕಡಿಮೆ ಇದ್ದದ್ದೇ. ಬಿಗಿಯಾದರೆ ರೇಲನ್ನು ಮುಟ್ಟದೆ ಮೌಂಟಿನ ಅಡ್ಡಪಟ್ಟಿಯನ್ನು ಸಣ್ಣ ಅರದಿಂದ ಎರಡು ಕಡೆ ಸಮನಾಗಿ ಉಜ್ಜಿ.

ಸ್ಕ್ರೂ ಹಾಕುವ ಮೊದಲು ಹ್ಯಾಂಡ್‌ಗಾರ್ಡ್ (ನಳಿಕೆಯ ಸುತ್ತ ಕೈ ಹಿಡಿಯುವ ಕವಚ) ಬಿಚ್ಚಿ ಒಳಗೆ ನೋಡಿ. ಮುಂಭಾಗಕ್ಕೆ ವೈರಿಂಗ್ ಇರುವ ಎಲೆಕ್ಟ್ರಿಕ್ ಗನ್ನುಗಳಲ್ಲಿ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಅಲ್ಲೇ ಮಲಗಿರುತ್ತದೆ. ಉದ್ದದ ಸ್ಕ್ರೂ ಒಳಗೆ ಚಾಚಿ ಲಿಪೋ ಚೀಲಕ್ಕೆ ಚುಚ್ಚಿದರೆ ಬೆಂಕಿ. ತುದಿ ನಟ್ಟಿನಿಂದ ಒಂದು ಮಿ.ಮೀ.ಗಿಂತ ಹೆಚ್ಚು ಹೊರಬಂದಿದ್ದರೆ ಕತ್ತರಿಸಿ ನಯ ಮಾಡಿ. ಹ್ಯಾಂಡ್‌ಗಾರ್ಡಿನ ಸೀಳುಗಳಿಗೆ ನೇರ ಸಿಕ್ಕಿಸುವ ಎಂ-ಲಾಕ್ ಮೌಂಟ್ ಆದರೆ ಒಳಗಿನ ಟಿ-ನಟ್ಟುಗಳು ಪೂರ್ತಿ 90 ಡಿಗ್ರಿ ತಿರುಗಿವೆಯೇ ಎಂದು ಒಳಗಿನಿಂದ ಕಣ್ಣಾರೆ ನೋಡಿ. ಅರ್ಧ ತಿರುಗಿದ್ದು ಕೈಗೆ ಬಿಗಿಯಾದಂತೆ ಅನಿಸಿದರೂ ಓಡುವಾಗ ಕಳಚಿ ಬೀಳುತ್ತದೆ.

ಬೆರಳಿಗೆ ಬಿಗಿಯಾದ ಮೇಲೆ ಅಲೆನ್ ಕೀಯಿಂದ ಕಾಲು ಸುತ್ತು, ಅಷ್ಟೇ. ಸತುವಿನ ಎರಕದ ಮರೆ (ಸ್ಕ್ರೂ ಕೂರುವ ತಿರುಪಿನ ಗೆರೆ) ಬೇಗ ಸವೆದು ಹೋಗುತ್ತದೆ. ಲೋಹಕ್ಕೆ ಲೋಹ ಇದ್ದಲ್ಲಿ ನೀಲಿ ಲಾಕ್‌ಟೈಟ್ 243 ಒಂದು ಹನಿ ಹಾಕಬಹುದು, ಕೆಂಪು ಬೇಡ. ಪ್ಲಾಸ್ಟಿಕ್ ಹ್ಯಾಂಡ್‌ಗಾರ್ಡಿಗೆ ನೀಲಿಯೂ ಬೇಡ, ಅದು ಎಬಿಎಸ್ ಮತ್ತು ಪಾಲಿಕಾರ್ಬೊನೇಟನ್ನು ಬಿರುಕು ಬಿಡಿಸುತ್ತದೆ. ಕೊನೆಗೆ ಸ್ಕ್ರೂ ತಲೆಯಿಂದ ಮೌಂಟಿನ ಮೇಲೆ ಪೇಂಟ್ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡರೆ ಸ್ಕ್ರೂ ಸಡಿಲಾಗಿದೆ ಎಂದರ್ಥ.

ಬಲಗೈ ಆಟಗಾರರಿಗೆ ಎಡಮಗ್ಗುಲಿನ ಮೇಲ್ತುದಿ ಒಳ್ಳೆಯ ಜಾಗ, ಎಡ ಹೆಬ್ಬೆರಳು ಸ್ವಿಚ್ಚಿಗೆ ನೇರ ಸಿಗುತ್ತದೆ. ನಳಿಕೆಯ ತುದಿಗೆ ಟ್ರೇಸರ್ ಯೂನಿಟ್ (ಬಿಬಿ ಕತ್ತಲಲ್ಲಿ ಹೊಳೆಯುವಂತೆ ಮಾಡುವ ಕೊಳವೆ) ಹಾಕಿದ ಗನ್ನಿನಲ್ಲಿ ಲೈಟು ಹಿಂದಿದ್ದರೆ ಆ ಯೂನಿಟ್ಟಿನ ನೆರಳು ಬೆಳಕಿನ ಒಂದು ಭಾಗವನ್ನು ನುಂಗುತ್ತದೆ. ಎರಡು ಮೂರು ಕಚ್ಚು ಮುಂದೆ ಸರಿಸಿದರೆ ನೆರಳು ಕಡಿಮೆಯಾದೀತು, ಆದರೆ ಗಾಜಿಗೆ ಬಿಬಿ ಬಡಿಯುವ ಸಂಭವ ಹೆಚ್ಚು. ಸ್ವಲ್ಪ ನೆರಳು ಇದ್ದರೂ ಹಿಂದಿಡುವುದೇ ಮೇಲು.

ಲೆನ್ಸ್ ಗಾರ್ಡ್

0.20 ಗ್ರಾಂ ಬಿಬಿ ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಬಂದರೆ ಅದರ ಶಕ್ತಿ 1 ಜೂಲ್. ಹತ್ತಿರದಿಂದ ಬಡಿದರೆ ತೆಳು ಗಾಜಿಗೆ ಇಷ್ಟು ಸಾಕು. 2-3 ಮಿ.ಮೀ. ದಪ್ಪದ ಪಾಲಿಕಾರ್ಬೊನೇಟ್ ಬಿಲ್ಲೆ ಇದಕ್ಕೆ ಮದ್ದು. ಬೋರ್ಡ್ ಬರೆಯುವವರ ಹತ್ತಿರ ಸಿಗುವ ತುಂಡು ಹೆಚ್ಚಾಗಿ ಅಕ್ರಿಲಿಕ್ ಇರುತ್ತದೆ. ನೋಡಲು ಒಂದೇ, ಏಟು ಬಿದ್ದರೆ ಚೂರು. ಮೂಲೆಯನ್ನು ಇಕ್ಕಳದಲ್ಲಿ ಹಿಡಿದು ಬಗ್ಗಿಸಿ: ಪಾಲಿಕಾರ್ಬೊನೇಟ್ ಮಡಚಿಕೊಳ್ಳುತ್ತದೆ, ಅಕ್ರಿಲಿಕ್ ಪಟ್ಟನೆ ಮುರಿಯುತ್ತದೆ. ಬಿಲ್ಲೆ ಕತ್ತರಿಸಲು ಹುಬ್ಬಳ್ಳಿಯ ಗೋಕುಲ ರಸ್ತೆ ಕೈಗಾರಿಕಾ ಎಸ್ಟೇಟಿನಂಥ ಕಡೆ ಲೇಥ್ ಇರುವವರಿಗೆ ಅಳತೆ ಕೊಟ್ಟರಾಯಿತು. ಅಂಚಿನ ಸುತ್ತ ಹಳೆಯ ಸೈಕಲ್ ಟ್ಯೂಬಿನ ಉಂಗುರ ಕತ್ತರಿಸಿ ಹಾಕಿ ಒಳಗೆ ಒತ್ತಿ. ಫೆವಿಕ್ವಿಕ್ ತರಹದ ಅಂಟು ಬಳಸಬೇಡಿ, ಅದರ ಹಬೆ ಲೆನ್ಸಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಬಿಲ್ಲೆ ಹಾಕಿದರೆ ಬೆಳಕು ನೂರಕ್ಕೆ ಸುಮಾರು ಹತ್ತರಷ್ಟು ಕಡಿಮೆಯಾಗುತ್ತದೆ, ಕಣ್ಣಿಗೆ ಅದು ತಿಳಿಯುವುದಿಲ್ಲ.

ಮಿಣುಕಿದರೆ, ಹತ್ತದಿದ್ದರೆ

ಈ ಲೈಟುಗಳಲ್ಲಿ ಕರೆಂಟು ಟೇಲ್‌ಕ್ಯಾಪಿನ (ಲೈಟಿನ ಹಿಂದಿನ ಮುಚ್ಚಳದ) ಮರೆಯ ಮೂಲಕವೇ ಮೈಗೆ ದಾಟುತ್ತದೆ. ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಮರೆ ಮತ್ತು ಅಂಚನ್ನು ಒರೆಸಿ. ಆಮೇಲೆ ಸ್ಪ್ರಿಂಗನ್ನು ಎರಡು ಮೂರು ಮಿ.ಮೀ. ಎಳೆದು ಉದ್ದ ಮಾಡಿ. ಗುಂಡು ಹಾರಿಸಿದಾಗಲೆಲ್ಲ ಮಿಣುಕುವ ಲೈಟು ಬಹುಪಾಲು ಇಲ್ಲಿಗೆ ಸರಿಹೋಗುತ್ತದೆ.

ಹತ್ತಲೇ ಇಲ್ಲವೆಂದರೆ ಟೇಲ್‌ಕ್ಯಾಪ್ ತೆಗೆದು, ಸೆಲ್ಲಿನ ಋಣ ತುದಿ ಮತ್ತು ಕೊಳವೆಯ ಬಣ್ಣವಿಲ್ಲದ ಅಂಚು ಎರಡಕ್ಕೂ ತಾಗುವಂತೆ ಇನ್ಸುಲೇಶನ್ ಇರುವ ವೈರನ್ನು ಒಂದು ಸೆಕೆಂಡು ಹಿಡಿಯಿರಿ. ಹತ್ತಿದರೆ ದೋಷ ಸ್ವಿಚ್ಚಿನಲ್ಲಿ. ಹತ್ತದಿದ್ದರೆ ಸೆಲ್ ಅಥವಾ ತಲೆಭಾಗದಲ್ಲಿ. ತಲೆಭಾಗದಲ್ಲಿ ಬೋರ್ಡನ್ನು ಹಿಡಿದ ಹಿತ್ತಾಳೆ ಉಂಗುರ ಸಡಿಲಾಗಿರುವುದು ಸಾಮಾನ್ಯ, ಚೂಪುಮೂತಿ ಇಕ್ಕಳದಿಂದ ತಿರುಗಿಸಿ ಬಿಗಿ ಮಾಡಿ.

ಒತ್ತಿದರೆ ಲೈಟು ಹತ್ತಿಸುವ ಪ್ರೆಶರ್ ಪ್ಯಾಡಿನ ವೈರು ಹರಿಯುವುದು ಟೇಲ್‌ಕ್ಯಾಪಿಗೆ ಸೇರುವ ಬುಡದಲ್ಲೇ. ಅಲ್ಲಿ ಎರಡು ಮೂರು ಸೆಂ.ಮೀ. ಸಡಿಲ ಬಿಟ್ಟು ಆಮೇಲೆ ಜಿಪ್ ಟೈ ಕಟ್ಟಿ. ಗನ್ ಚೀಲಕ್ಕೆ ಹಾಕುವ ಮೊದಲು ಟೇಲ್‌ಕ್ಯಾಪನ್ನು ಅರ್ಧ ಸುತ್ತು ಬಿಚ್ಚಿ. ಇಲ್ಲದಿದ್ದರೆ ಪ್ಯಾಡ್ ಒತ್ತಿಕೊಂಡು ಚೀಲದೊಳಗೇ ಉರಿದು ಬಟ್ಟೆ ಕರಗಿಸುತ್ತದೆ.

ಮಳೆ, ಎರೆಮಣ್ಣು, ಬಿಸಿಲು

ಧಾರವಾಡದ ಜಿಟಿಜಿಟಿ ಮಳೆಗೆ ನೀರು ತಡೆಯುವ ರಬ್ಬರ್ ಉಂಗುರಕ್ಕೆ (ಓ-ರಿಂಗಿಗೆ) ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿದರೆ ಸಾಕು, ಆದರೆ ಮರೆಗೆ ಮೆತ್ತಿದರೆ ಸಂಪರ್ಕ ಕೆಡುತ್ತದೆ. ನೆನೆದ ಎರೆಮಣ್ಣು ರೇಲಿನ ಕಚ್ಚಿನಲ್ಲಿ ಒಣಗಿದರೆ ಕಲ್ಲು. ಹಸಿ ಇದ್ದಾಗಲೇ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆಯಿರಿ. ಗದಗ ಕಡೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಸೆಲ್ಲುಗಳನ್ನು ಕಾರಿನಲ್ಲಿ ಬಿಡಬೇಡಿ, 45 ಡಿಗ್ರಿ ಮೀರಿದಲ್ಲಿ ಚಾರ್ಜಿಗೂ ಹಾಕಬೇಡಿ.

ಆಟದಲ್ಲಿ

ಲೈಟನ್ನು ಸದಾ ಉರಿಸಿಕೊಂಡು ನಡೆಯುವವರು ಮೊದಲು ಔಟಾಗುತ್ತಾರೆ. ಒತ್ತಿ, ನೋಡಿ, ಬಿಡಿ, ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಕೋಣೆಯೊಳಗೆ ಬೆಳಕನ್ನು ಚಾವಣಿಗೆ ಹೊಡೆದರೆ ಇಡೀ ಕೋಣೆ ಕಾಣುತ್ತದೆ, ಕಣ್ಣೂ ಕುಕ್ಕುವುದಿಲ್ಲ. ಮುಂದೆ ಹೋಗುವ ಜೊತೆಗಾರರ ಬೆನ್ನಿಗೆ ಬೆಳಕು ಬಿಟ್ಟರೆ ಅವರ ಆಕಾರವನ್ನು ಎದುರಾಳಿಗೆ ನೀವೇ ತೋರಿಸಿದಂತೆ. ಸ್ಟ್ರೋಬ್ ಮೋಡ್ ಬೇಡವೇ ಬೇಡ: ಸೆಕೆಂಡಿಗೆ 3ರಿಂದ 30 ಸಲ ಮಿನುಗುವ ಬೆಳಕು ಕೆಲವರಿಗೆ ಮೂರ್ಛೆ ತರಿಸಬಲ್ಲದು. ಎಷ್ಟೋ ಲೈಟುಗಳಲ್ಲಿ ಬೇಗ ಬೇಗ ಎರಡು ಸಲ ಒತ್ತಿದರೆ ಅದೇ ಶುರುವಾಗುತ್ತದೆ. ಹಾಗಾಗಿ ಒಂದೇ ಮೋಡ್ ಇರುವುದನ್ನು ಕೊಳ್ಳಿ.

ಲೈಟಿನ ಜೊತೆ ಲೇಸರ್ ಇರುವ ಪೆಟ್ಟಿಗೆಗಳ ಲೇಸರ್ ವೈರ್ ಕಿತ್ತುಬಿಡಿ. ಅಗ್ಗದ ಹಸಿರು ಲೇಸರುಗಳಲ್ಲಿ ಎಷ್ಟೋ ಸಲ ಇನ್‌ಫ್ರಾರೆಡ್ ತಡೆಯುವ ಫಿಲ್ಟರೇ ಇರುವುದಿಲ್ಲ. ಕಾಣದ ಆ ಕಿರಣ ಕಣ್ಣಿನ ಪರದೆಯನ್ನು ಸುಡಬಲ್ಲದು, ಬಿಬಿ ತಡೆಯುವ ಕನ್ನಡಕ ಅದನ್ನು ತಡೆಯುವುದಿಲ್ಲ.

ಹೊಲದಲ್ಲಿ, ದಾರಿಯಲ್ಲಿ

ಜೋಳ ಕೊಯ್ದ ಹೊಲದಲ್ಲಿ ರಾತ್ರಿ ಆಡುವುದಾದರೆ ಹೊಲದವರ ಒಪ್ಪಿಗೆ ಪಡೆದು, ಅಕ್ಕಪಕ್ಕದ ಹೊಲದವರಿಗೂ ಹೇಳಿ, ಠಾಣೆಗೆ ಬರೆದು ತಿಳಿಸಿ. ತ್ರೀ ಫೇಸ್ ಕರೆಂಟು ರಾತ್ರಿ ಬಂದಾಗ ರೈತರು ನೀರು ಹಾಯಿಸಲು ಬ್ಯಾಟರಿ ಹಿಡಿದು ಬರುತ್ತಾರೆ. ನಿಮ್ಮ ತಂಡದ್ದಲ್ಲದ ಬೆಳಕು ಕಂಡ ಕೂಡಲೇ ಸೀಟಿ ಊದಿ ಆಟ ನಿಲ್ಲಿಸಬೇಕು, ಗನ್ನಿನ ಲೈಟನ್ನು ಅತ್ತ ತಿರುಗಿಸಬಾರದು. ಲೈಟ್ ಎತ್ತ ತಿರುಗುತ್ತದೋ ನಳಿಕೆಯೂ ಅತ್ತಲೇ. ದಾರಿ ನೋಡಲು, ಬಿದ್ದ ಮ್ಯಾಗಜಿನ್ ಹುಡುಕಲು ಜೇಬಿನಲ್ಲಿ ಬೇರೆ ಟಾರ್ಚ್ ಇರಲಿ.

ಕಪ್ಪತಗುಡ್ಡ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, ಬಂಕಾಪುರದ ನವಿಲುಧಾಮ ಇವುಗಳ ಅಂಚಿನಲ್ಲಿ ರಾತ್ರಿ ಆಟ ಬೇಡ. ಕತ್ತಲಲ್ಲಿ ಬಂದೂಕಿನ ಆಕಾರ ಮತ್ತು ಹರಿತ ಬೆಳಕು ಒಟ್ಟಿಗೆ ಕಂಡರೆ ಅರಣ್ಯ ಸಿಬ್ಬಂದಿಗೆ ನೆನಪಾಗುವುದು ಬೇಟೆಗಾರರು. ಅವರ ತಪ್ಪೂ ಅಲ್ಲ. ಲೈಟು ಬರೀ ಟಾರ್ಚು, ಗನ್ನಿನ ಮಾತು ಬೇರೆ: ಅದರ ಬಿಲ್ಲು, ಕಾಗದ ಜೊತೆಗಿರಲಿ. ಹೋಗುವಾಗ ಬರುವಾಗ ಮುಚ್ಚಿದ ಚೀಲದಲ್ಲಿ, ಮ್ಯಾಗಜಿನ್ ತೆಗೆದು, ಲೈಟ್ ಬಿಚ್ಚಿ ಇಡಿ.

ಮುಂದಿನ ಆಟ ತಿಂಗಳಾಚೆ ಇದ್ದರೆ ರೀಚಾರ್ಜ್ ಸೆಲ್ಲುಗಳನ್ನು 3.7-3.8 ವೋಲ್ಟಿನಲ್ಲಿ, ಒಂದೊಂದಕ್ಕೂ ಪ್ಲಾಸ್ಟಿಕ್ ಡಬ್ಬಿ ಹಾಕಿ, ಲೈಟಿನಿಂದ ಹೊರಗೆ ಇಡಿ. ಕೀಲಿಕೈ, ಚಿಲ್ಲರೆ ಇರುವ ಜೇಬಿಗೆ ಹಾಕಬೇಡಿ.