ಹಳೆಯ ಪ್ರೀತಿಯ ನಗೆನಾಟಕ: ಮಲೆನಾಡಿನ ಹವ್ಯಾಸಿ ತಂಡಕ್ಕಾಗಿ ಬರೆಯುವ ಬಗೆ

ಹವ್ಯಾಸಿ ರಂಗತಂಡಗಳು ಪ್ರೇಮದ ಹಾಸ್ಯನಾಟಕವನ್ನು ಕೈಗೆತ್ತಿಕೊಂಡಾಗ ಸಾಮಾನ್ಯವಾಗಿ ದೊಡ್ಡ ಊರಿನ ಕಾಫಿ ಅಂಗಡಿಯೊಂದರಲ್ಲಿ ಹುಡುಗ ಹುಡುಗಿಯನ್ನು ಎದುರುಬದುರು ಕೂರಿಸಿ, ಅವರಿಂದ ಚುರುಕಾದ ಮಾತುಗಳನ್ನು ಆಡಿಸುವುದರಲ್ಲೇ ತೃಪ್ತಿಪಡುತ್ತವೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಪ್ರೇಕ್ಷಕರಿಗೆ ಆ ಮಾತು ಅಷ್ಟಾಗಿ ಮುಟ್ಟುವುದಿಲ್ಲ, ಏಕೆಂದರೆ ಅವರ ಅನುಭವದಲ್ಲಿ ಇಬ್ಬರಿಗೆ ಹಾಗೆ ಎದುರುಬದುರು ಕೂರುವ ಅವಕಾಶ ಸಿಗುವುದೇ ಅಪರೂಪ. ಆದ್ದರಿಂದ ಮಲೆನಾಡಿನಲ್ಲಿ ನಡೆಯುವ ಪ್ರೇಮಹಾಸ್ಯವನ್ನು ಬರೆಯಹೊರಟವರು ಮೊದಲೇ ಒಂದು ನಿಯಮವನ್ನು ಹಾಕಿಕೊಳ್ಳುವುದು ಒಳ್ಳೆಯದು: ಪ್ರೇಮಿಗಳಿರುವ ಪ್ರತಿ ದೃಶ್ಯದಲ್ಲೂ, ಎದ್ದು ಹೋಗಿ ಎಂದು ಹೇಳಲಾಗದ ಮೂರನೆಯ ವ್ಯಕ್ತಿಯೊಬ್ಬರು ಇರಬೇಕು. ಹೇಳಬೇಕಾದದ್ದನ್ನು ಆ ವ್ಯಕ್ತಿಯ ಮುಂದೆ ಹೇಳಲಾಗದೆ, ಬೇರೆ ಏನನ್ನೋ ಹೇಳಿ ಒದ್ದಾಡುವುದರಲ್ಲೇ ನಗುವೂ ಇದೆ, ನೋವೂ ಇದೆ.

ಈ ನಿಯಮ ಕೆಲಸ ಮಾಡಬೇಕಾದರೆ ಹಳೆಯ ಪ್ರೇಮಿಗಳು ಮತ್ತೆ ಸೇರುವುದಕ್ಕೆ ಗಟ್ಟಿಯಾದ ಕಾರಣ ಬೇಕು. ಬಸ್ ನಿಲ್ದಾಣದಲ್ಲಿ ಆಕಸ್ಮಿಕವಾಗಿ ಭೇಟಿಯಾದರು ಎಂದರೆ ಎರಡನೆಯ ಸಲ ಭೇಟಿಯಾಗಬೇಕಾದ ಅಗತ್ಯ ಅವರಿಗಿರುವುದಿಲ್ಲ. ಅದರ ಬದಲು ಅವರನ್ನು ಬೀಗರನ್ನಾಗಿ ಮಾಡಿ. ಉದಾಹರಣೆಗೆ, ತೀರ್ಥಹಳ್ಳಿ ಸಮೀಪದ ಅಡಿಕೆ ಬೆಳೆಗಾರ ಶ್ರೀಧರ ಮತ್ತು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ವಸುಧಾ ಶಿವಮೊಗ್ಗದ ಕಾಲೇಜು ದಿನಗಳಲ್ಲಿ ಪ್ರೀತಿಸಿದ್ದವರು ಎಂದಿಟ್ಟುಕೊಳ್ಳೋಣ. ಈಗ ಶ್ರೀಧರನ ದೊಡ್ಡಮ್ಮನ ಮಗಳಿಗೆ ಗೊತ್ತಾಗಿರುವ ವರ ವಸುಧಾಳ ತಮ್ಮ. ಇನ್ನು ಮೇಲೆ ಪ್ರತಿ ಗೃಹಪ್ರವೇಶದಲ್ಲೂ, ಪ್ರತಿ ನಾಮಕರಣದಲ್ಲೂ ಅವರಿಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಲೇಬೇಕು. ಹಳೆಯ ಸಂಗತಿ ಬಯಲಾದರೆ ಮದುವೆಗೆ ಕಲ್ಲು ಬೀಳಬಹುದೆಂಬ ಹೆದರಿಕೆಯಿಂದ ಅವರು ಮೊದಲ ಸಲ ನೋಡುವವರಂತೆ ನಟಿಸುತ್ತಾರೆ. ಹಾಸ್ಯನಾಟಕದ ಸುಳ್ಳು ಯಾವಾಗಲೂ ಇಂಥದ್ದಾಗಿರಬೇಕು, ಅಂದರೆ ಇನ್ನೊಬ್ಬರಿಗೆ ಒಳ್ಳೆಯದಾಗಲಿ ಎಂದು ಹೇಳಿದ್ದಾಗಿರಬೇಕು. ಸ್ವಾರ್ಥಕ್ಕಾಗಿ ಸುಳ್ಳು ಹೇಳುವವನ ಜೊತೆ ಪ್ರೇಕ್ಷಕರು ಎರಡು ಗಂಟೆ ಇರಲು ಒಪ್ಪುವುದಿಲ್ಲ.

ಅವರು ಅಂದು ಬೇರೆಯಾದದ್ದಕ್ಕೂ ಕಾರಣ ಬೇಕು. ಇಲ್ಲಿ ತಲುಪದ ಪತ್ರ, ಜಾತಕದ ದೋಷ, ಸಿಡುಕಿನ ಅಪ್ಪ ಎಂಬ ಮೂರನ್ನೂ ದಯವಿಟ್ಟು ಬಿಟ್ಟುಬಿಡಿ; ನಾಟಕ ನೋಡಿ ಅಭ್ಯಾಸವಿರುವವರು ಮೊದಲ ಅಂಕದಲ್ಲೇ ಅವನ್ನು ಊಹಿಸಿಬಿಡುತ್ತಾರೆ. ವಸುಧಾಳಿಗೆ ಕೆಲಸ ಸಿಕ್ಕಿತು, ಶ್ರೀಧರನಿಗೆ ತೋಟ ಬಿಟ್ಟು ಹೋಗುವಂತಿರಲಿಲ್ಲ, ಬರುತ್ತೀಯಾ ಎಂದು ಅವನು ಕೇಳಲಿಲ್ಲ, ಇರಲಾ ಎಂದು ಅವಳೂ ಕೇಳಲಿಲ್ಲ. ಇಷ್ಟು ಸಾಕು. ಯಾರ ತಪ್ಪೂ ಅಲ್ಲದ ಅಗಲಿಕೆಯಾದರೆ ಇಬ್ಬರನ್ನೂ ನಗಿಸುವ, ಇಬ್ಬರನ್ನೂ ಕೆಣಕುವ ಸ್ವಾತಂತ್ರ್ಯ ಬರೆಯುವವರಿಗೆ ಉಳಿಯುತ್ತದೆ.

ಕಾಲವನ್ನು ದೀಪಾವಳಿಯಿಂದ ಎಳ್ಳಮಾವಾಸ್ಯೆಯವರೆಗೆ ಇಟ್ಟುಕೊಂಡರೆ ಕಥೆಗೆ ತಾನಾಗಿಯೇ ಅಂಚು ಕಟ್ಟಿದಂತಾಗುತ್ತದೆ. ಈ ಎರಡು ತಿಂಗಳಲ್ಲಿ ಅಡಿಕೆ ಕೊಯ್ಲು ಇರುತ್ತದೆ, ಮನೆ ತುಂಬ ಜನರಿರುತ್ತಾರೆ, ಹಗಲು ಯಾರಿಗೂ ಪುರುಸೊತ್ತಿರುವುದಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸವಾದ್ದರಿಂದ ಮದುವೆ ನಡೆಯುವುದಿಲ್ಲ, ಹಾಗಾಗಿ ಗೊತ್ತಾದ ಸಂಬಂಧ ತೂಗಾಡುತ್ತಾ ಇರಲು ಸಹಜವಾದ ಬಿಡುವು ಸಿಗುತ್ತದೆ. ಮೊದಲ ದೃಶ್ಯಕ್ಕೆ ಅಂಟಿಗೆ ಪಂಟಿಗೆಯವರು ಒದಗುತ್ತಾರೆ. ದೀಪಾವಳಿಯ ರಾತ್ರಿ ಜ್ಯೋತಿ ಹಿಡಿದು, ಹಾಡುತ್ತಾ ಮನೆಯಿಂದ ಮನೆಗೆ ಬರುವ ತಂಡಕ್ಕೆ ಬಾಗಿಲು ತೆರೆಯದಿರಲು ಸಾಧ್ಯವೇ ಇಲ್ಲ. ಶ್ರೀಧರ ಮತ್ತು ವಸುಧಾ ಜಗುಲಿಯಲ್ಲಿ ಮೊದಲ ಬಾರಿಗೆ ಎದುರಾಗಿ ಬಾಯಿ ತೆರೆಯುವ ಹೊತ್ತಿಗೆ ಇಡೀ ಊರು ದೀಪ ಹಿಡಿದುಕೊಂಡು ಅಂಗಳಕ್ಕೆ ಬಂದಿರಲಿ.

ನಾಟಕದ ನಡುಗಂಬ ಅಡಿಕೆ ಸುಲಿಯುವ ರಾತ್ರಿಯ ದೃಶ್ಯ. ಸುಲಿಯುವ ಯಂತ್ರಗಳು ಬಂದಮೇಲೆ ಇಂಥ ಕೂಟಗಳು ಕಡಿಮೆಯಾಗಿವೆ, ಆದರೂ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿರುವಾಗ ಬಾಯಿಗೆ ಸಿಗುವ ಸ್ವಾತಂತ್ರ್ಯ ಏನೆಂಬುದು ಇಲ್ಲಿನ ಪ್ರೇಕ್ಷಕರಿಗೆ ಚೆನ್ನಾಗಿ ಗೊತ್ತು. ಬರೆಯುವಾಗ ಪ್ರೀತಿಯ ನೆನಪನ್ನು ಮಾತಿನಲ್ಲಿ ತರಬೇಡಿ, ಕೈಯಲ್ಲಿ ತನ್ನಿ. ಶ್ರೀಧರ ಎಡಚ. ಸುಲಿದ ಅಡಿಕೆ ಹಾಕುವ ಬುಟ್ಟಿಯನ್ನು ಎಲ್ಲರೂ ಅಭ್ಯಾಸಬಲದಿಂದ ಅವನ ತಪ್ಪು ಪಕ್ಕದಲ್ಲೇ ಇಡುತ್ತಾರೆ. ಗಂಡಿನ ಕಡೆಯವಳು, ಬೇಡವೆಂದರೂ ಕೇಳದೆ ಸುಲಿಯಲು ಕೂತ ವಸುಧಾ, ಯಾರೂ ಹೇಳದೆ ಆ ಬುಟ್ಟಿಯನ್ನು ಎತ್ತಿ ಇನ್ನೊಂದು ಪಕ್ಕಕ್ಕೆ ಇಡುತ್ತಾಳೆ.

ದೊಡ್ಡಮ್ಮ: ಬುಟ್ಟಿ ಎಂತಕ್ಕೆ ಆ ಕಡೆ ಇಟ್ಟೆ ವಸುಧಾ?
ವಸುಧಾ: ಸುಮ್ನೆ ಅತ್ತೆ, ಕಾಲಿಗೆ ಅಡ್ಡ ಆಗ್ತಿತ್ತು.
ದೊಡ್ಡಮ್ಮ: ಅವನು ಎಡಚ, ಅವನಿಗೆ ಆ ಕಡೇನೇ ಬೇಕು. ನಮ್ಮನೆಯವರಿಗೇ ಇನ್ನೂ ನೆನಪಿರಲ್ಲ. ನಿಂಗೆ ಯಾರು ಹೇಳಿದ್ರು?
ಶ್ರೀಧರ: ನಾನೇ ಈಗ ಹೇಳ್ದೆ ದೊಡ್ಡಮ್ಮ.
ದೊಡ್ಡಮ್ಮ: ನಂಗೆ ಕಿವಿ ಕೇಳ್ತದೆ ಶ್ರೀಧರ.

ಇದರ ನಂತರ ದೊಡ್ಡಮ್ಮ ಒಂದು ಮಾತನ್ನೂ ಆಡಬಾರದು. ಅವಳು ಸುಲಿಯುತ್ತಾ ಹೋಗಲಿ, ಮೆಟ್ಟುಗತ್ತಿಯ ಸದ್ದು ಮಾತ್ರ ಕೇಳಲಿ. ಅವಳಿಗೆ ತಿಳಿದಿದೆ ಎಂಬುದು ಪ್ರೇಕ್ಷಕರಿಗೆ ಗೊತ್ತಾಗಿ, ಪ್ರೇಮಿಗಳಿಗೆ ಖಚಿತವಾಗದೆ ಉಳಿದರೆ ಮುಂದಿನ ಅರ್ಧ ಗಂಟೆಯಲ್ಲಿ ಅವಳು ಕಾಫಿ ತಂದಿಟ್ಟರೂ ಜನ ನಗುತ್ತಾರೆ. ಹೊಸದಾಗಿ ಬರೆಯುವವರು ಇಲ್ಲಿ ಅವಸರಪಟ್ಟು ಅವಳಿಂದ ಒಂದು ಬುದ್ಧಿಮಾತು ಹೇಳಿಸಿ ದೃಶ್ಯವನ್ನು ಕೆಡಿಸುವುದುಂಟು.

ಶ್ರೀಧರನಿಗೆ ಹೊಸ ಜೊತೆ ಹುಡುಕುವ ಡೇಟಿಂಗ್ ಆ್ಯಪ್‌ನ ಭಾಗವೊಂದೂ ನಾಟಕದಲ್ಲಿರಲಿ, ಅದಕ್ಕೆ ಗೆಳೆಯ ನಾಗರಾಜ ಬೇಕು. ತೀರ್ಥಹಳ್ಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಅವನೇ ಶ್ರೀಧರನ ಹೆಸರಿನಲ್ಲಿ ಖಾತೆ ತೆರೆದು, ತೋಟದಲ್ಲಿ ತೆಗೆದ ಫೋಟೋ ಹಾಕುತ್ತಾನೆ. ನೆಟ್‌ವರ್ಕ್ ಸಿಗುವುದು ಕೊಟ್ಟಿಗೆಯ ಹಿಂದಿನ ಧರೆಯ, ಅಂದರೆ ಎತ್ತರದ ಮಣ್ಣಿನ ದಿಬ್ಬದ, ಮೇಲೆ ಮಾತ್ರ ಎಂದು ಮಾಡಿದರೆ ಗುಟ್ಟಿನ ಮಾತನ್ನೆಲ್ಲ ಅಲ್ಲೇ ಆಡಬೇಕಾಗುತ್ತದೆ, ಮನೆಯವರೆಲ್ಲರೂ ಫೋನಿಗಾಗಿ ಅಲ್ಲಿಗೇ ಬರಬೇಕಾಗುತ್ತದೆ. ಮೂವತ್ತು ಕಿಲೋಮೀಟರಿನೊಳಗೆ ಹುಡುಕಿದರೆ ಬರುವ ಮುಖಗಳಲ್ಲಿ ಒಬ್ಬಳು ನಾಗರಾಜನ ನಾದಿನಿ, ಇನ್ನೊಬ್ಬಳು ಅವನ ಅಂಗಡಿಗೆ ಫೋನ್ ಕೊಟ್ಟಿರುವವಳು. ಮೊದಲ ಮುಖ ವಸುಧಾಳದ್ದೇ ಆಗಿರಲಿ ಎಂಬ ಆಸೆ ಬರೆಯುವವರಿಗೆ ಬಂದೇ ಬರುತ್ತದೆ, ಅದನ್ನು ಅದುಮಿಡಬೇಕು. ಫೋನಿನ ಪರದೆಯನ್ನು ರಂಗದ ಮೇಲೆ ದೊಡ್ಡದಾಗಿ ತೋರಿಸುವ ಗೋಜಿಗೂ ಹೋಗಬೇಡಿ. ನಾಗರಾಜ ಗಟ್ಟಿಯಾಗಿ ಓದಲಿ. ಅವನ ಓದಿನಲ್ಲಿರುವ ಹಾಸ್ಯ ಪರದೆಯಲ್ಲಿರುವುದಿಲ್ಲ.

ಆ್ಯಪ್‌ನಿಂದ ಸಿಗುವವಳು ಮೇಘನಾ, ತೀರ್ಥಹಳ್ಳಿಯ ಬ್ಯಾಂಕಿಗೆ ವರ್ಗವಾಗಿ ಬಂದಿರುವ ದಾವಣಗೆರೆಯ ಅಧಿಕಾರಿ. ಹಳೆಯ ಪ್ರೀತಿಗೆ ದಾರಿ ಬಿಡಲೆಂದು ಹೊಸಬಳನ್ನು ಪೆದ್ದಿಯಾಗಿಯೋ ಗಯ್ಯಾಳಿಯಾಗಿಯೋ ಚಿತ್ರಿಸುವ ಹಳೆಯ ಚಾಳಿಯನ್ನು ಇಲ್ಲಿ ನಿಲ್ಲಿಸಬೇಕು. ಅವಳು ಪ್ರೇಕ್ಷಕರಿಗೆ ವಸುಧಾಳಷ್ಟೇ ಇಷ್ಟವಾಗದಿದ್ದರೆ ಶ್ರೀಧರನ ಮುಂದೆ ಆಯ್ಕೆಯೇ ಇರುವುದಿಲ್ಲ, ಆಯ್ಕೆಯಿಲ್ಲದ ಮೇಲೆ ನಾಟಕವೂ ಇರುವುದಿಲ್ಲ. ಅವರ ಭೇಟಿಗಳನ್ನು ಚಿಕ್ಕದಾಗಿ ಮುಗಿಸಬಹುದು: ಬೆಳಗಿನ ಹೊತ್ತು ಸಕ್ರೆಬೈಲಿನ ಬಿಡಾರದಲ್ಲಿ ಆನೆ ಸ್ನಾನ ನೋಡುತ್ತಾ ಒಮ್ಮೆ, ಶಿವಮೊಗ್ಗದಿಂದ ಗಾಜನೂರು, ಮಂಡಗದ್ದೆಯ ಮೇಲೆ ತುಂಗೆಯ ಬದಿಯಲ್ಲೇ ಸಾಗುವ ಬಸ್ಸಿನಲ್ಲಿ ಇನ್ನೊಮ್ಮೆ. ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್ ಇರುವ ಆ ದಾರಿಯಲ್ಲಿ ಕಂಡಕ್ಟರನು ಇಬ್ಬರ ಸೀಟಿಗೆ ಮೂರನೆಯವರನ್ನು ಕೂರಿಸದೆ ಬಿಡುವುದಿಲ್ಲ. ನಿಯಮ ಇಲ್ಲಿಯೂ ತಾನಾಗಿಯೇ ಪಾಲನೆಯಾಗುತ್ತದೆ.

ಗೆಳೆಯನ ಪಾತ್ರವನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟ, ಆದರೆ ನಾಟಕ ನಿಲ್ಲುವುದು ಅವನ ಮೇಲೆಯೇ. ಗೆಳೆಯನೆಂದರೆ ನಾಯಕನ ಅಳಲು ಕೇಳಿಸಿಕೊಂಡು ನಡುನಡುವೆ ಚಟಾಕಿ ಹಾರಿಸುವವನು ಎಂದು ಬರೆದರೆ ಎರಡನೆಯ ಅಂಕದ ಹೊತ್ತಿಗೆ ಅವನು ಯಾರಿಗೂ ಬೇಡವಾಗುತ್ತಾನೆ. ನಾಗರಾಜನಿಗೆ ಅವನದೇ ಆದ ಲಾಭನಷ್ಟ ಇರಬೇಕು. ಕಾಲೇಜಿನಲ್ಲಿ ಅವನು ಇಬ್ಬರ ನಡುವೆ ಚೀಟಿ ಸಾಗಿಸಿದವನು; ಅವರು ಬೇರೆಯಾದಾಗ ವಸುಧಾಳ ಸ್ನೇಹವೂ ಅವನ ಕೈತಪ್ಪಿತು, ಅದನ್ನು ಯಾರೂ ಅವನಿಗೆ ಆದ ನಷ್ಟವೆಂದು ಎಣಿಸಲಿಲ್ಲ. ಮೊದಲ ಅಂಕದಲ್ಲೆಲ್ಲಾ ಅವನು ನಗಿಸುತ್ತಲೇ ಇರಲಿ. ಎರಡನೆಯ ಅಂಕದಲ್ಲಿ, ಅದೇ ಧರೆಯ ಮೇಲೆ, ವಸುಧಾಳ ಮುಂದೆ ಅವನು ಒಂದೇ ಒಂದು ಸಲ ತಮಾಷೆ ಬಿಟ್ಟು ಮಾತಾಡಲಿ: "ನಿಮ್ಮಿಬ್ರ ಜಗಳದಲ್ಲಿ ನಂದೆಂತ ತಪ್ಪಿತ್ತು ಮಾರಾಯ್ತಿ? ನಂಗ್ಯಾಕೆ ಫೋನ್ ಮಾಡೋದು ಬಿಟ್ಟೆ?" ನಟನು ಈ ಮಾತನ್ನು ಅಳುತ್ತಾ ಹೇಳಬಾರದು, ಕೈಯಲ್ಲಿರುವ ಫೋನನ್ನು ಬಿಚ್ಚುತ್ತಾ ಹೇಳಬೇಕು. ಇಲ್ಲಿ ಮೂರನೆಯ ವ್ಯಕ್ತಿ ಯಾರೆಂದು ಕೇಳಬಹುದು. ಶ್ರೀಧರ ಕೆಳಗೆ ಕೊಟ್ಟಿಗೆಯಲ್ಲಿದ್ದಾನೆ, ಅವನಿಗೆ ಎಲ್ಲವೂ ಕೇಳುತ್ತಿದೆ.

ಮುಕ್ತಾಯಕ್ಕೆ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ತೆಪ್ಪೋತ್ಸವವನ್ನು ಬಳಸಿಕೊಳ್ಳಿ. ನಾಟಕದುದ್ದಕ್ಕೂ ಏಕಾಂತ ಸಿಗದವರಿಗೆ ಅದು ಸಿಗುವುದು ಸಾವಿರಾರು ಜನರ ನಡುವೆ, ಎಲ್ಲರ ಕಣ್ಣೂ ಹೊಳೆಯ ಮೇಲಿರುವಾಗ. ಶ್ರೀಧರ ಮತ್ತು ವಸುಧಾ ಅಲ್ಲಿ ನಿಜವನ್ನು ಮಾತಾಡಲಿ, ಆದರೆ ಮತ್ತೆ ಒಂದಾಗಬೇಕೆಂಬ ಕಟ್ಟುಪಾಡು ಬೇಡ. ನನ್ನ ಮಟ್ಟಿಗೆ ಅವರು ಒಂದಾಗದಿರುವುದೇ ಸರಿ, ಅದಕ್ಕೆ ಬೇಕಾದ ಆಧಾರವೂ ಮೊದಲೇ ಸಿದ್ಧವಾಗಿದೆ: ಜಾತ್ರೆಗೆ ಮುಂಚಿನ ದೃಶ್ಯದಲ್ಲಿ ಮೇಘನಾ ಸುಲಿಯುವವರ ಮನೆಗೆ ಬಂದು, ಬುಟ್ಟಿ ಹಿಡಿದುಕೊಂಡು, "ಇದನ್ನ ಯಾವ ಕಡೆ ಇಡ್ಲಿ?" ಎಂದು ಕೇಳಿರುತ್ತಾಳೆ. ಕೇಳದೆಯೇ ಬೇರೆಯಾದವರ ಕಥೆಯಲ್ಲಿ ಕೇಳುವವಳೊಬ್ಬಳು ಬಂದದ್ದನ್ನು ಪ್ರೇಕ್ಷಕರು ತಾವೇ ಗಮನಿಸುತ್ತಾರೆ. ಯಾವ ಪಾತ್ರವೂ ಅದನ್ನು ಬಾಯಿಬಿಟ್ಟು ವಿವರಿಸಬೇಕಾಗಿಲ್ಲ.

ರಂಗಸಜ್ಜಿಕೆ ಒಂದು ಜಗುಲಿ ಮತ್ತು ಒಂದು ಎತ್ತರದ ಮಟ್ಟ, ಅಷ್ಟಕ್ಕೇ ಮುಗಿಯಬೇಕು. 1985ರಿಂದ ಊರೂರು ಸುತ್ತುತ್ತಿರುವ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ಸಂಚಾರಿ ತಂಡವಾದ ತಿರುಗಾಟವನ್ನು ನೋಡಿದವರಿಗೆ, ವಾಹನಕ್ಕೇರಿಸಿ ಒಯ್ಯಬಹುದಾದಷ್ಟು ಸಾಮಾನಿನಲ್ಲೇ ಪೂರ್ಣ ನಾಟಕ ಆಡಬಹುದೆಂದು ಬೇರೆ ಹೇಳಬೇಕಾಗಿಲ್ಲ. ಜಾತ್ರೆಯನ್ನು ಸದ್ದು ಮತ್ತು ಬೆಳಕಿನಲ್ಲಿ ತನ್ನಿ. ಆರು ನಟರು ಸಾಕು. ಅಂಟಿಗೆ ಪಂಟಿಗೆಯ ಹಾಡಿಗೆ ಊರಿನಲ್ಲಿ ಅದನ್ನು ನಿಜವಾಗಿ ಹಾಡುವವರನ್ನೇ ಕರೆದುಕೊಳ್ಳುವುದು ಉತ್ತಮ. ಹಸ್ತಪ್ರತಿ ಮುಗಿದ ಕೂಡಲೇ ತಾಲೀಮಿಗೆ ಇಳಿಯದೆ, ಯಾರದಾದರೂ ಮನೆಯ ಜಗುಲಿಯಲ್ಲಿ, ವಯಸ್ಸಾದವರೂ ಇರುವಂತೆ ನೋಡಿಕೊಂಡು ಒಮ್ಮೆ ಗಟ್ಟಿಯಾಗಿ ಓದಿಸಿ. ನಗು ಬಂದ ಕಡೆಗಳನ್ನು ಗುರುತು ಹಾಕುವುದರ ಜೊತೆಗೆ, ಕೇಳುವವರು ಅಡಿಕೆ ತಟ್ಟೆಗೆ ಕೈಹಾಕಿದ ಕಡೆಗಳನ್ನೂ ಗುರುತು ಹಾಕಿ. ಕತ್ತರಿಸಬೇಕಾದ ಪುಟಗಳು ಅವೇ. ಪ್ರದರ್ಶನ ಬಯಲಿನಲ್ಲೋ ತಗಡಿನ ಮಾಡಿನಡಿಯೋ ಆಗುವುದಾದರೆ ಮೇ ತಿಂಗಳೊಳಗೆ ಮುಗಿಸಿ, ಏಕೆಂದರೆ ಜೂನಿನ ಮಳೆ ಹಿಡಿದುಕೊಂಡಿತೆಂದರೆ ತಗಡಿನ ಕೆಳಗೆ ದೊಡ್ಡಮ್ಮನ ಮಾತು ಮೂರನೆಯ ಸಾಲಿಗೂ ಕೇಳಿಸುವುದಿಲ್ಲ.