ಹದಿನೆಂಟು ತುಂಬಿದವರಿಗೆ ತುಮಕೂರಿನಲ್ಲಿ ಬಾಡಿಗೆ ಮನೆ: ನನ್ನ ಅನುಭವ

ಬಾಲಮಂದಿರದಲ್ಲೋ ಪೋಷಕ ಕುಟುಂಬದಲ್ಲೋ (ಹೆತ್ತವರಲ್ಲದೆ ಬೇರೆಯವರು ಸಾಕುವ ಮನೆಯಲ್ಲೋ) ಬೆಳೆದ ಮಕ್ಕಳಿಗೆ ಹದಿನೆಂಟು ತುಂಬಿದ ಕೂಡಲೇ ಒಂದು ಕೆಲಸ ಕೊಡಿಸಿಬಿಟ್ಟರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ತುಮಕೂರಿನ ಮಟ್ಟಿಗೆ ಹೇಳುವುದಾದರೆ, ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದ ಕಾರ್ಖಾನೆಗಳಲ್ಲಿ ಐಟಿಐ ಮುಗಿಸಿದ ಹುಡುಗರಿಗೆ ಗುತ್ತಿಗೆಯ ಮೇಲಾದರೂ ಕೆಲಸ ಸಿಗುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಲು ಒಂದು ಕೋಣೆ ಸಿಗುವುದೇ ಕಷ್ಟ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನಾನು ಸಂಜೆಯ ಹೊತ್ತು ಇಂಥ ಮಕ್ಕಳಿಗೆ ಪಾಠ ಹೇಳಲು ಹೋಗುತ್ತಿದ್ದವನು, ಈಗ ಕೆಲವು ವರ್ಷಗಳಿಂದ ಅವರ ಪರವಾಗಿ ಮನೆ ಹುಡುಕುವುದರಲ್ಲಿ ತೊಡಗಿದ್ದೇನೆ. ಅವರ ಗುರುತು ತಿಳಿಯುವಂಥ ಯಾವ ವಿವರವನ್ನೂ ಇಲ್ಲಿ ಬರೆಯುವುದಿಲ್ಲ.

ಕಾನೂನಿನಲ್ಲಿ ಆಸರೆ ಇಲ್ಲವೆಂದಲ್ಲ. 2015ರ ಬಾಲನ್ಯಾಯ ಕಾಯ್ದೆಯ ಕಲಂ 46 ಹದಿನೆಂಟು ತುಂಬಿ ಸಂಸ್ಥೆ ಬಿಡುವವರಿಗೆ ಆರ್ಥಿಕ ನೆರವು ಕೊಡಬಹುದೆನ್ನುತ್ತದೆ. 2016ರ ಮಾದರಿ ನಿಯಮಗಳ ಪ್ರಕಾರ ಅನುಪಾಲನೆ, ಅಂದರೆ ಸಂಸ್ಥೆ ಬಿಟ್ಟ ನಂತರದ ಈ ಆಸರೆ, 21 ವರ್ಷದವರೆಗೆ, ವಿಶೇಷ ಸಂದರ್ಭಗಳಲ್ಲಿ ಇನ್ನೂ ಎರಡು ವರ್ಷ ನಡೆಯಬಹುದು. ಆರರಿಂದ ಎಂಟು ಮಂದಿ ಒಟ್ಟಿಗೆ ಇರುವ ತಾತ್ಕಾಲಿಕ ಗುಂಪು ವಸತಿಯ ಪ್ರಸ್ತಾಪವೂ ಅದರಲ್ಲಿದೆ. ಮಕ್ಕಳ ರಕ್ಷಣೆಗಾಗಿ ಕೇಂದ್ರ ಸರ್ಕಾರ ನಡೆಸುವ ಮಿಷನ್ ವಾತ್ಸಲ್ಯ ಯೋಜನೆಯ ಅಡಿಯಲ್ಲಿ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಆದರೆ ಅನುಪಾಲನೆಗೆ ಕಾಯ್ದೆ ಕೊಡುವ ವ್ಯಾಖ್ಯೆ ಸಾಂಸ್ಥಿಕ ಪಾಲನೆಯಿಂದ ಹೊರಬಂದವರನ್ನು ಮಾತ್ರ ಹೆಸರಿಸುವುದರಿಂದ, ಪೋಷಕ ಕುಟುಂಬದಲ್ಲಿ ಬೆಳೆದವರ ವಿಷಯವನ್ನು ನಾನು ಬಹಳ ಮುಂಚಿತವಾಗಿಯೇ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಲಿಖಿತವಾಗಿ ಇಡುತ್ತೇನೆ. ಬಾಯಿಮಾತಿನಲ್ಲಿ ಹೇಳಿದ್ದು ಕಡತಕ್ಕೆ ಹೋಗುವುದಿಲ್ಲ.

ನಿಜವಾದ ಇಕ್ಕಟ್ಟು ದಿನಾಂಕದ್ದು. ಹದಿನೆಂಟು ತುಂಬುವವರೆಗೆ ಹುಡುಗ ಮಾಡಿಕೊಂಡ ಬಾಡಿಗೆ ಕರಾರಿಗೆ ಕಾನೂನಿನ ಬೆಲೆ ಇಲ್ಲ. ತುಂಬಿದ ಮೇಲೆ ಅವನು ಸಂಸ್ಥೆಯಲ್ಲಿ ಇರುವಂತಿಲ್ಲ. ಜೊತೆಗೆ, ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸುವ ರೂಢಿ ನಮ್ಮ ಕಡೆ ಹಿಂದಿನಿಂದ ಇರುವುದರಿಂದ, ಒಂದೇ ವರ್ಷದಲ್ಲಿ ಹಲವರಿಗೆ ಒಂದೇ ದಿನ ವಯಸ್ಸು ತುಂಬುತ್ತದೆ. ಅದೂ ಕಾಲೇಜುಗಳಿಗೆ ಹೊರಗಿನ ವಿದ್ಯಾರ್ಥಿಗಳು ಬಂದು ಇದ್ದಬದ್ದ ಕೋಣೆಗಳನ್ನೆಲ್ಲ ಹಿಡಿಯುವ ಹೊತ್ತಿನಲ್ಲಿ. ಸಂಸ್ಥೆಯಿಂದ ಬಿಡುಗಡೆಯಾದ ನಂತರದ ಯೋಜನೆಯನ್ನು ಎರಡು ತಿಂಗಳು ಮೊದಲು ಸಲ್ಲಿಸಬೇಕೆಂದು ನಿಯಮವಿದೆ. ನನ್ನ ದೃಷ್ಟಿಯಲ್ಲಿ ಆ ಅವಧಿ ಯಾವುದಕ್ಕೂ ಸಾಲದು. ಹದಿನಾರು ತುಂಬಿದವರನ್ನೇ ನಾನು ಜೊತೆಗೆ ಕರೆದುಕೊಂಡು ಶೆಟ್ಟಿಹಳ್ಳಿ, ಮರಳೂರು, ಉಪ್ಪಾರಹಳ್ಳಿಯ ಬೀದಿಗಳಲ್ಲಿ ಟು ಲೆಟ್ ಬೋರ್ಡು ನೋಡುತ್ತಾ ನಡೆಯುತ್ತೇನೆ. ಕರೆಂಟಿಗೆ ಬೇರೆ ಮೀಟರ್ ಇದೆಯೇ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಮನೆ ಬಿಡುವಾಗ ಬಣ್ಣದ ಖರ್ಚೆಂದು ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುತ್ತಾರೆ ಎಂಬುದನ್ನು ಅವರೇ ಕೇಳಬೇಕು. ಮನೆಯಲ್ಲಿ ಬೆಳೆದ ಮಕ್ಕಳು ಇಂಥ ಮಾತುಗಳನ್ನು ಅಪ್ಪ ಅಮ್ಮನ ಬಾಯಲ್ಲಿ ಕೇಳುತ್ತಲೇ ದೊಡ್ಡವರಾಗಿರುತ್ತಾರೆ; ಇವರಿಗೆ ಅವನ್ನು ಪಾಠದಂತೆ ಕಲಿಸಬೇಕಾಗುತ್ತದೆ.

ಮಾಲೀಕರು ಕೇಳುವ ಪ್ರಶ್ನೆಗಳು ಬೇರೆ. ಯಾವೂರು, ಜನ ಯಾವುದು, ದೊಡ್ಡವರು ಯಾರೂ ಬರಲಿಲ್ಲವೇ. ಈ ಮೂರಕ್ಕೂ ಪ್ರಾಮಾಣಿಕ ಉತ್ತರ "ಗೊತ್ತಿಲ್ಲ", "ಇಲ್ಲ" ಎಂದಾಗಿರುವ ಹುಡುಗ ಅಲ್ಲೇ ತಲೆ ತಗ್ಗಿಸುತ್ತಾನೆ. ಸುಳ್ಳು ಹೇಳಬಾರದು, ತನ್ನ ಪೂರ್ತಿ ಕಥೆಯನ್ನು ಅಪರಿಚಿತರ ಮುಂದೆ ಬಿಚ್ಚಿಡಲೂ ಬೇಕಿಲ್ಲ ಎಂದು ನಾನು ಮೊದಲೇ ತಿಳಿಸಿರುತ್ತೇನೆ. "ಇವನು ನನ್ನ ವಿದ್ಯಾರ್ಥಿ, ನಾನು ಇದೇ ಊರಿನವನು, ಬಾಡಿಗೆ ತಡವಾದರೆ ನನಗೆ ಫೋನ್ ಮಾಡಿ" ಎನ್ನುವುದು ನನ್ನ ಪಾಲಿನ ಮಾತು. ಮರಳೂರಿನ ಒಂದು ಮನೆಯಲ್ಲಿ ಕೆಳಗಡೆ ವಾಸವಿದ್ದ ವಯಸ್ಸಾದ ತಾಯಿ ನನ್ನ ಮಾತನ್ನೆಲ್ಲ ಕೇಳಿಸಿಕೊಂಡು, ಸರ್ಟಿಫಿಕೇಟುಗಳ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಹುಡುಗನನ್ನೇ ನೇರವಾಗಿ ಕೇಳಿದರು: "ಹಬ್ಬಕ್ಕೆ ಯಾವೂರಿಗೆ ಹೋಗ್ತೀಯಪ್ಪ?" "ಎಲ್ಲಿಗೂ ಹೋಗಲ್ಲ ಅಮ್ಮ, ಇಲ್ಲೇ ಇರ್ತೀನಿ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೆಂದರು, "ಹಂಗಾದ್ರೆ ನಾವು ಊರಿಗೆ ಹೋದಾಗ ಮನೆ ಕಡೆ ನೋಡ್ಕೊಳ್ಳೋಕೆ ಒಬ್ಬ ಆದ." ಮನೆಯಲ್ಲಿ ಮಾಂಸ ಬೇಯಿಸಬಾರದೆಂಬ ಷರತ್ತಿನೊಂದಿಗೆ ಕೀಲಿಕೈ ಸಿಕ್ಕಿತು. ಎಲ್ಲ ಮನೆಗಳಲ್ಲೂ ಹೀಗಾಗುವುದಿಲ್ಲ. ಜಾತಿ ಗೊತ್ತಿಲ್ಲವೆಂದ ಕೂಡಲೇ ಮಾತು ನಿಲ್ಲಿಸಿದವರೇ ಹೆಚ್ಚು, ಮತ್ತು ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹಣದ ಲೆಕ್ಕಕ್ಕೆ ಬಂದರೆ, ತಿಂಗಳ ಬಾಡಿಗೆಗಿಂತ ಅಡ್ವಾನ್ಸೇ ದೊಡ್ಡ ಅಡ್ಡಿ. ನಾವು ಹಿಡಿದ ಎರಡು ಕೋಣೆಯ ಮನೆಗೆ 7,000 ಬಾಡಿಗೆ, 50,000 ಅಡ್ವಾನ್ಸ್ ಇತ್ತು. ಮೂವರು ಹಂಚಿಕೊಂಡರೆ ಬಾಡಿಗೆ ಹೊರೆಯಾಗದು, ಅಡ್ವಾನ್ಸ್ ಮಾತ್ರ ಹದಿನೆಂಟರ ಯಾವ ಹುಡುಗನ ಕೈಯಲ್ಲೂ ಇರುವುದಿಲ್ಲ. ಸಹೋದ್ಯೋಗಿಗಳೂ ಹಳೆಯ ವಿದ್ಯಾರ್ಥಿಗಳೂ ಸೇರಿ ಒಂದು ನಿಧಿ ಮಾಡಿಕೊಂಡಿದ್ದೇವೆ. ಮಾಲೀಕರಿಗೆ ಅದರಿಂದಲೇ ಅಡ್ವಾನ್ಸ್ ಕೊಟ್ಟು, ಹುಡುಗರಿಂದ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವೇ ಹಿಂಪಡೆಯುತ್ತೇವೆ. ಬಂದ ಹಣ ಮುಂದಿನವರಿಗೆ ಹೋಗುತ್ತದೆ. ಕರಾರನ್ನು ರೂಢಿಯಂತೆ 11 ತಿಂಗಳಿಗೆ ಮಾಡಿಸಿ, ಮೊದಲ ಸಲ ಹುಡುಗರ ಹೆಸರಿನ ಜೊತೆ ನನ್ನ ಹೆಸರನ್ನೂ ಸೇರಿಸುತ್ತೇನೆ. ನವೀಕರಿಸುವಾಗ ನನ್ನ ಹೆಸರು ತೆಗೆಸುತ್ತೇನೆ.

ಕೆಲಸ ಕೊಟ್ಟವರೇ ಕೋಣೆಯನ್ನೂ ಕೊಡುವ ಏರ್ಪಾಡನ್ನು ನಾನು ಆದಷ್ಟೂ ತಪ್ಪಿಸುತ್ತೇನೆ. ಗುತ್ತಿಗೆದಾರ ಕೆಲಸದಿಂದ ಬಿಡಿಸಿದ ದಿನವೇ ಕೋಣೆಯೂ ಹೋಗುತ್ತದೆ. ಹೋಗಲು ತವರಿಲ್ಲದವನಿಗೆ ಆ ರಾತ್ರಿ ಬಸ್ ನಿಲ್ದಾಣವೇ ಗತಿ. ಓದು ಮುಂದುವರಿಸುವವರಿಗೆ ಸರ್ಕಾರಿ ಹಾಸ್ಟೆಲ್ ಒಳ್ಳೆಯದೇ, ಆದರೆ ಬೇಸಿಗೆ ರಜೆಯಲ್ಲಿ ಎಲ್ಲರೂ ಊರಿಗೆ ಹೊರಟಾಗ ಇವರು ಎಲ್ಲಿರಬೇಕು ಎಂಬುದನ್ನು ಪ್ರವೇಶದ ದಿನವೇ ಗೊತ್ತುಮಾಡಿಕೊಳ್ಳಬೇಕು. ಬಾಡಿಗೆ ಮನೆಯಲ್ಲಿರುವ ಹಿರಿಯ ಹುಡುಗರು ಆ ದಿನಗಳಲ್ಲಿ ಕಿರಿಯರನ್ನು ಜೊತೆಗಿಟ್ಟುಕೊಳ್ಳುವುದು ನಮ್ಮಲ್ಲಿ ರೂಢಿಯಾಗಿದೆ. ಮಾಲೀಕರಿಗೆ ಇದನ್ನು ಮೊದಲೇ ತಿಳಿಸಿರುತ್ತೇವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಕ್ರಮ ಅರ್ಧದಷ್ಟೂ ಫಲಿಸಿಲ್ಲ. ಹಿರಿಯ ಹೆಂಗಸೊಬ್ಬರು ಜೊತೆಗಿಲ್ಲದೆ ಇಬ್ಬರು ಮೂವರು ಹುಡುಗಿಯರಿಗೆ ಮನೆ ಕೊಡುವವರು ಬಹಳ ವಿರಳ, ಪಿ.ಜಿ.ಗೆ ಸೇರಿಸೋಣವೆಂದರೆ ಊಟದ ಖರ್ಚೂ ಸೇರಿ ಮೊದಲ ಸಂಬಳದ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ನಮ್ಮ ಶಾಲೆಯಿಂದ ನಿವೃತ್ತರಾದ ಶಿಕ್ಷಕಿಯೊಬ್ಬರು ತಮ್ಮ ಮನೆಯ ಮಹಡಿಯನ್ನು ಇಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಕ್ಯಾತ್ಸಂದ್ರದ ಕಡೆ ಇಂಥದೇ ಇನ್ನೊಂದು ಮನೆಗಾಗಿ ಈಗ ಮಾತುಕತೆ ನಡೆಯುತ್ತಿದೆ. ಬರುವ ಜೂನ್ ಒಳಗೆ ಅದು ಕುದುರಬೇಕು.