ಸಂಜೆ ಏಳಕ್ಕೆ ಮೂರು ಸಾಲು

ನಾನು ಕುಡಿತ ಬಿಟ್ಟು ನಾಲ್ಕು ವರ್ಷ ಆಯಿತು. ಬಿಟ್ಟ ಹೊಸದರಲ್ಲಿ ಕೌನ್ಸೆಲರ್ ಒಬ್ಬರು "ದಿನಾ ಮೂರು ಒಳ್ಳೆಯ ಸಂಗತಿ ಬರೆದಿಡಿ" ಅಂದಾಗ ಸಿಟ್ಟೇ ಬಂದಿತ್ತು. ನಿದ್ದೆ ಇಲ್ಲ, ಕೆಲಸ ಹೋಗಿದೆ, ಮನೆಯಲ್ಲಿ ಯಾರೂ ಮುಖ ಕೊಟ್ಟು ಮಾತಾಡುತ್ತಿಲ್ಲ. ಇದರಲ್ಲಿ ಒಳ್ಳೆಯದನ್ನು ಎಲ್ಲಿ ಹುಡುಕಲಿ? ಆದರೂ ಬರೆದೆ. ಈಗ ಹೊಸದಾಗಿ ಬಿಡುತ್ತಿರುವವರು ಕೇಳಿದರೆ ನಾನೂ ಇದನ್ನೇ ಹೇಳಿಕೊಡುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ತುಂಬಾ ದಿನದಿಂದ ಜಾಸ್ತಿ ಕುಡಿಯುತ್ತಿದ್ದವರು ಒಬ್ಬರೇ ಇದ್ದುಕೊಂಡು ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ಕೆಲವು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು, ಜೀವಕ್ಕೇ ಅಪಾಯ ಆಗಬಹುದು. ಆ ದಿನಗಳನ್ನು ಡಾಕ್ಟರ ಜೊತೆಯಲ್ಲೇ ದಾಟಿ. ಬರೆಯುವುದೆಲ್ಲ ಆಮೇಲೆ.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಮೊದಲ ಗ್ಲಾಸ್ ಎತ್ತುತ್ತಿದ್ದ ಹೊತ್ತಿಗೇ ಅದನ್ನು ತೆರೆಯಿರಿ. ನನಗೆ ಅದು ಸಂಜೆ ಏಳು ಗಂಟೆ. ಆ ಹೊತ್ತಿಗೆ ಕೈ ತಾನಾಗಿಯೇ ಏನನ್ನೋ ಹುಡುಕುತ್ತದೆ, ಅಲ್ವಾ? ಅದಕ್ಕೊಂದು ಪೆನ್ನು ಕೊಡಿ.

ಮೂರೇ ಸಾಲು ಸಾಕು. "ಆರೋಗ್ಯ", "ಕುಟುಂಬ" ಅಂತ ದೊಡ್ಡ ಪದ ಬೇಡ. ನಾಳೆಯೂ ಅದನ್ನೇ ಬರೆಯುತ್ತೀರಿ, ನಾಲ್ಕನೇ ದಿನಕ್ಕೆ ಬೇಜಾರಾಗುತ್ತದೆ. ಇವತ್ತೇ ಆದದ್ದು, ಕಣ್ಣಾರೆ ಕಂಡದ್ದು ಬರಲಿ. ನನ್ನ ಹತ್ತೊಂಬತ್ತನೇ ದಿನದ ಪುಟದಲ್ಲಿ ಹೀಗಿದೆ: "ಶರ್ಟಿನ ಮೇಲಿನ ಗುಂಡಿ ಒಂದೇ ಸಲಕ್ಕೆ ಹಾಕಿಕೊಂಡೆ." ಅದಕ್ಕೂ ಮೊದಲು ಆ ಒಂದು ಗುಂಡಿಗಾಗಿ ಕನ್ನಡಿ ಮುಂದೆ ಬೆವೆತು ನಿಲ್ಲುತ್ತಿದ್ದೆ. ಬೆರಳು ನಡುಗುತ್ತಿತ್ತು, ಗುಂಡಿ ಜಾರುತ್ತಿತ್ತು, ಕೊನೆಗೆ ಹೆಂಡತಿ ಬಂದು ಮಾತಿಲ್ಲದೆ ಹಾಕಿ ಹೋಗುತ್ತಿದ್ದಳು. ಆ ನೋಟ್‌ಬುಕ್‌ನ ಮೊದಲ ಪುಟಗಳ ಅಕ್ಷರ ನನಗೇ ಓದಲು ಬರುವುದಿಲ್ಲ. ಪುಟ ತಿರುಗಿಸುತ್ತಾ ಹೋದರೆ ಸಾಲು ನೆಟ್ಟಗಾಗುತ್ತಾ ಬರುತ್ತದೆ.

ಬರೆದ ಕೂಡಲೇ ಖುಷಿ ಆಗಬೇಕು ಅಂತ ಕಾಯಬೇಡಿ. ವರ್ಷಗಟ್ಟಲೆ ಕುಡಿದ ಮೆದುಳು ಜೋರು ಸುಖಕ್ಕೆ ಒಗ್ಗಿಹೋಗಿರುತ್ತದೆ. ಬಿಟ್ಟ ಮೇಲೆ ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ, ಸಣ್ಣ ಸಂತೋಷಗಳು ತಟ್ಟುವುದೇ ಇಲ್ಲ. ನಿಮ್ಮ ಮನಸ್ಸು ಕಲ್ಲಾಗಿದೆ ಅಂತ ತಿಳಿಯಬೇಡಿ, ಮೆದುಳು ಸುಧಾರಿಸಿಕೊಳ್ಳುತ್ತಿದೆ. ಆದದ್ದನ್ನು ಆದ ಹಾಗೆ ಬರೆಯಿರಿ. ನನಗೆ ಏನಾದರೂ ಅನ್ನಿಸಲು ಎರಡು ತಿಂಗಳು ಹಿಡಿಯಿತು.

ಇನ್ನು ನಾನೇ ಎಡವಿದ ಜಾಗ. ನಮ್ಮಂಥವರು ಉಪಕಾರ ನೆನೆಯಲು ಹೊರಟರೆ ಅದು ತಪ್ಪಿನ ಲೆಕ್ಕಕ್ಕೆ ತಿರುಗಿಬಿಡುತ್ತದೆ. "ಇಷ್ಟೆಲ್ಲ ಆದರೂ ಹೆಂಡತಿ ನನ್ನನ್ನು ಬಿಟ್ಟು ಹೋಗಲಿಲ್ಲ" ಅಂತ ಬರೆದೆ. ಓದಿದಾಗ ಎದೆ ಭಾರವಾಯಿತು. ಅವಳಿಗೆ ಎಷ್ಟು ನೋವು ಕೊಟ್ಟೆ ಅನ್ನುವುದೇ ಆ ಸಾಲಿನಲ್ಲಿ ತುಂಬಿತ್ತು. ಆ ರಾತ್ರಿ ಕುಡಿಯುವ ಆಸೆ ಎಂದಿಗಿಂತ ಜೋರಾಗಿತ್ತು. ಆಮೇಲೆ ಸಾಲು ತಿದ್ದಲು ಕಲಿತೆ: "ಇವತ್ತು ಅವಳು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು." ಸಾಲಿನಲ್ಲಿ ನಿಮ್ಮ ತಪ್ಪು ಇಣುಕಿದರೆ ಅದನ್ನು ಹೊಡೆದುಹಾಕಿ, ಎದುರಿಗಿದ್ದವರು ಮಾಡಿದ್ದನ್ನಷ್ಟೇ ಉಳಿಸಿ. ತಪ್ಪಿಗೆ ಕ್ಷಮೆ ಕೇಳುವುದು ಬೇರೆ ಕೆಲಸ. ಅದನ್ನು ಮಾಡಲೇಬೇಕು, ಆದರೆ ಈ ಪುಟದಲ್ಲಿ ಬೇಡ.

ಮನೆಯವರಿಗೆ ಬಾಯಿಬಿಟ್ಟು ಹೇಳುವಾಗಲೂ ಇದೇ ಎಚ್ಚರ ಇರಲಿ. "ನಿನ್ನೆ ನನಗಾಗಿ ಎದ್ದು ಕೂತಿದ್ದೆಯಲ್ಲ, ಅದರಿಂದ ಧೈರ್ಯ ಬಂತು" ಅಂದು ಸುಮ್ಮನಾಗಿ. ಉತ್ತರಕ್ಕೆ ಕಾಯಬೇಡಿ. ಅವರಿಗೆ ಇನ್ನೂ ನಂಬಿಕೆ ಬಂದಿರುವುದಿಲ್ಲ, ಅದು ನ್ಯಾಯವೇ.

ಏನೂ ಹೊಳೆಯದ ದಿನ ಮೊದಲು ದೂರುಗಳನ್ನೇ ಬರೆಯಿರಿ. ಸಿಟ್ಟು, ಸಾಲ, ಒಂಟಿತನ, ಎಲ್ಲ ಬರಲಿ. ಒಳ್ಳೆಯ ಸಾಲು ಆಮೇಲೆ. ಸುಮ್ನೆ ಎಲ್ಲಾ ಚೆನ್ನಾಗಿದೆ ಅಂತ ನಟಿಸುವುದು ನಮಗೆ ಚೆನ್ನಾಗಿ ಗೊತ್ತಿರುವ ಹಳೇ ಚಟ. ಒಂದೆರಡು ದಿನ ತಪ್ಪಿದರೂ ಗಾಬರಿ ಬೇಡ. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲಫ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಭಾಗದಲ್ಲಿ ಕೆಲವು ವಿದ್ಯಾರ್ಥಿಗಳು ಉಪಕಾರ ನೆನೆಯುವಂಥ ಸಂಗತಿಗಳನ್ನು ವಾರಕ್ಕೊಮ್ಮೆ ಮಾತ್ರ ಬರೆದಿದ್ದರು, 10 ವಾರ. ಕಿರಿಕಿರಿಗಳನ್ನು ಪಟ್ಟಿ ಮಾಡಿದವರಿಗಿಂತ ಅವರಿಗೆ ತಮ್ಮ ಬದುಕಿನ ಬಗ್ಗೆ ಜಾಸ್ತಿ ಸಮಾಧಾನ ಇತ್ತು. ಅವರು ಚಟ ಬಿಡುತ್ತಿದ್ದವರಲ್ಲ ನಿಜ. ಆದರೂ ವಾರಕ್ಕೊಂದು ಸಾಲಾದರೂ ಬರೆಯುವವರಿಗೆ ಅದು ಧೈರ್ಯ ಕೊಡುತ್ತದೆ.

ಕುಡಿಯುವ ಆಸೆ ಎದ್ದಾಗ ನೋಟ್‌ಬುಕ್ ಕೈಗೆತ್ತಿಕೊಳ್ಳಿ. ಆಸೆ ಅಲೆಯ ಹಾಗೆ. ಏರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ಹಳೇ ಪುಟಗಳನ್ನು ಜೋರಾಗಿ ಓದಿ. ಇಳಿಯದಿದ್ದರೆ ಫೋನ್ ಎತ್ತಿ, ನಿಮ್ಮ ಸ್ಥಿತಿ ಗೊತ್ತಿರುವ ಒಬ್ಬರಿಗೆ ಕರೆ ಮಾಡಿ.

ಮತ್ತೆ ಕುಡಿದುಬಿಟ್ಟರೆ? ನನಗೂ ಆಯಿತು, ಏಳನೇ ತಿಂಗಳಲ್ಲಿ. ಮರುದಿನ ನೋಟ್‌ಬುಕ್ ಹರಿದು ಎಸೆಯಲು ಹೊರಟಿದ್ದೆ. ಎಸೆಯಬೇಡಿ. ಡಾಕ್ಟರಿಗೋ ಕೌನ್ಸೆಲರಿಗೋ ಅವತ್ತೇ ತಿಳಿಸಿ, ಅದೇ ನೋಟ್‌ಬುಕ್‌ನಲ್ಲಿ ಮುಂದಿನ ಪುಟಕ್ಕೆ ತಾರೀಖು ಹಾಕಿ. ನನ್ನ ಆ ಪುಟದಲ್ಲಿ ಮೂರು ಸಾಲಿಲ್ಲ, ಒಂದೇ ಇದೆ: "ಮಗಳು ಬಾಗಿಲು ತಟ್ಟಿ, ಅಪ್ಪಾ ಎದ್ದಿದ್ದೀಯಾ ಅಂತ ಕೇಳಿದಳು."